ಕಾಕನ ಕಾರಿನಲ್ಲಿ ಸಿಕ್ಕಿದ ಬಾಟಲಿ

ಒಮಾನಿನ ಸೀಬ್ ಪಟ್ಟಣ ದಾಟಿ ಬರ್ಕಾದ ಕಡಲ ಕಡೆ ಹೋಗುವಾಗ ರಸ್ತೆಯ ಉಬ್ಬೊಂದರ ಮೇಲೆ ಕಾರು ಕುಲುಕಿತು. ಭಾವನ ಕಾಲ ಬುಡದಲ್ಲಿದ್ದ ಹೆಗಲ ಚೀಲದೊಳಗೆ ಗಾಜು ಸ್ಟೀಲಿಗೆ ತಾಗಿದ ಸದ್ದು ಕೇಳಿಸಿತು. ನಾನು ತಿರುಗಿ ನೋಡಿದೆ. ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಚೀಲದಲ್ಲಿ ಎಂತ ಭಾವ?"

"ಎಂತ ಇಲ್ಲ. ನೀನು ರಸ್ತೆ ನೋಡು."

ನನಗೆ ಗೊತ್ತಾಯಿತು. ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಗೋಧಿಹಿಟ್ಟಿನ ಡಬ್ಬದ ಹಿಂದೆ ಅರ್ಧ ವಿಸ್ಕಿ ಇದ್ದ ಬಾಟಲಿಯೊಂದಿತ್ತು. ಬೆಳಿಗ್ಗೆ ಭಾವ ನೀರು ಕುಡಿಯುವ ನೆಪದಲ್ಲಿ ಎರಡು ಸಲ ಅಡುಗೆಮನೆಗೆ ಹೋಗಿದ್ದನ್ನು ನಾನು ನೋಡಿದ್ದೆ. ಆಗ ಏನೂ ಅನ್ನಿಸಿರಲಿಲ್ಲ.

ಒಮಾನಿನಲ್ಲಿ ನಮ್ಮಂಥವರಿಗೆ ಕುಡಿಯಲು ಪರ್ಮಿಟ್ ಸಿಗುತ್ತದೆ. ಅದನ್ನು ತೋರಿಸಿ ನಿಗದಿಯಾದ ಅಂಗಡಿಯಲ್ಲಿ ಬಾಟಲಿ ಕೊಳ್ಳಬಹುದು. ಕೊಂಡದ್ದನ್ನು ದಾರಿಯಲ್ಲಿ ಎಲ್ಲೂ ನಿಲ್ಲದೆ ಮನೆಗೆ ತರಬೇಕು, ಮನೆಯೊಳಗೇ ಕುಡಿಯಬೇಕು. ರಸ್ತೆಯಲ್ಲಿ, ಪಾರ್ಕಿನಲ್ಲಿ, ಕಡಲ ಬದಿಯಲ್ಲಿ ಅದನ್ನು ಹೊರಗೆ ತೆಗೆದರೆ ಪೊಲೀಸ್ ಕೇಸು. ನಾನು ಮೊದಲ ಸಲ ಪರ್ಮಿಟ್ಟಿಗೆ ಸಹಿ ಹಾಕಿದಾಗ ಕೌಂಟರಿನವನು ಇದನ್ನು ಎರಡು ಸಲ ಬಿಡಿಸಿ ಹೇಳಿದ್ದ. ಅಂದರೆ ಕುಡಿಯುವ ಮಾತು ಹಾಗಿರಲಿ, ಬಾಟಲಿ ಆ ಹೊತ್ತಿಗೆ ನನ್ನ ಕಾರಿನಲ್ಲಿದ್ದದ್ದೇ ತಪ್ಪಾಗಿತ್ತು.

"ಭಾವ, ಅದು ಚೀಲದಿಂದ ಹೊರಗೆ ಬರಬಾರದು," ಎಂದೆ. "ಇಲ್ಲಿ ಕಡಲ ಬದಿಯಲ್ಲಿ ಕುಡಿದರೆ ಒಳಗೆ ಹಾಕುತ್ತಾರೆ."

"ಆಯ್ತು ಮಾರಾಯ. ನನಗೂ ಅಷ್ಟು ಗೊತ್ತಾಗುತ್ತದೆ."

ಕಾರು ತಿರುಗಿಸಬಹುದಿತ್ತು. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬೇರಿಸಿದಳು, ಅವಳಿಗೂ ಅರ್ಥವಾಗಿತ್ತು. ಆದರೆ ಮುಂದೆ ನಮ್ಮ ನೆರೆಮನೆಯ ಕಾಕನ ಕಾರು ಹೋಗುತ್ತಿತ್ತು. ನಿಲ್ಲಿಸಿದರೆ ಅವರೂ ನಿಲ್ಲಿಸಿ ಯಾಕೆಂದು ಕೇಳುತ್ತಾರೆ. ಆ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು ಎಂದು ನಾಚಿಕೆಯಾಯಿತು. ಅಷ್ಟೇ ಕಾರಣಕ್ಕೆ ನಾನು ಕಾರು ಓಡಿಸುತ್ತಲೇ ಹೋದೆ.

ಭಾವನ ಬಗ್ಗೆ ಸ್ವಲ್ಪ ಹೇಳಬೇಕು. ನನಗೆ ಒಂಬತ್ತು ವರ್ಷವಾದಾಗ ಅಪ್ಪ ತೀರಿಕೊಂಡರು. ಅಕ್ಕನ ಗಂಡ ನನ್ನನ್ನು ಮಲ್ಪೆಯ ತಮ್ಮ ಮನೆಗೆ ಕರೆದುಕೊಂಡು ಹೋಗಿ ಸಾಕಿದರು. ಅವರು ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡುವವರು. ಶಾಲೆಗೆ ಸೇರಿಸಿದ್ದು ಅವರು, ಕಾಲೇಜು ಓದಿಸಿದ್ದು ಅವರು. ಮೊದಲ ಸಲ ಗಲ್ಫಿಗೆ ಹೊರಟಾಗ ಮುಂಬಯಿ ತನಕ ಬಂದು ವಿಮಾನ ನಿಲ್ದಾಣದ ಬಾಗಿಲಲ್ಲಿ ಕೈ ಬೀಸಿದ್ದೂ ಅವರೇ. ನನಗೀಗ ನಲವತ್ತು ದಾಟಿದೆ, ಆದರೂ ಅವರೆದುರು ಗಟ್ಟಿಯಾಗಿ ಮಾತಾಡಿದವನಲ್ಲ. ಸಂಜೆ ಕೆಲಸ ಮುಗಿದ ಮೇಲೆ, ದಡಕ್ಕೆ ಎಳೆದ ದೋಣಿಯ ಮರೆಯಲ್ಲಿ ಕೂತು ಸ್ವಲ್ಪ ಕುಡಿಯುವುದು ಅವರ ಅಭ್ಯಾಸ. ಅಕ್ಕ ಬಯ್ಯುತ್ತಲೇ ಹುರಿದ ಮೀನನ್ನು ಬಾಳೆಲೆಯಲ್ಲಿ ಕಟ್ಟಿ ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಅಕ್ಕ ತೀರಿಕೊಂಡು ಎಂಟು ತಿಂಗಳಾಗಿತ್ತು. ಒಬ್ಬರೇ ಇರುವುದು ಬೇಡ, ಒಂದು ತಿಂಗಳು ಇಲ್ಲಿದ್ದು ಹೋಗಲಿ ಎಂದು ವಿಸಿಟ್ ವೀಸಾ ಮಾಡಿಸಿ ನಾನೇ ಕರೆಸಿಕೊಂಡಿದ್ದೆ. ಹಮ್ರಿಯಾದ ನಮ್ಮ ಫ್ಲ್ಯಾಟಿನಲ್ಲಿ ಪರದೆ ಎಳೆದು ಕುಡಿಯುವುದು ಅವರಿಗೆ ಹಿಡಿಸಿರಲಿಲ್ಲ. ಕಳ್ಳರ ಹಾಗೆ ಇದೆಂಥ ಕುಡಿಯುವುದು ಎಂದು ಎರಡು ಸಲ ಹೇಳಿದ್ದರು.

ಕಾಕ ನಮ್ಮ ಎದುರು ಫ್ಲ್ಯಾಟಿನವರು. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನರು. ಹಮ್ರಿಯಾದಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಅಂಗಡಿ ನಡೆಸುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನಮ್ಮ ಕಟ್ಟಡದ ಕನ್ನಡದವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ನನ್ನ ಹೆಂಡತಿಗೆ ಗರ್ಭಪಾತವಾದ ದಿನ ನಾನು ದೂರದ ಸೊಹಾರಿನಲ್ಲಿ ಆಫೀಸ್ ಕೆಲಸದಲ್ಲಿದ್ದೆ. ಅವಳನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಕಾಕ ಮತ್ತು ಅವರ ಹೆಂಡತಿ. ಭಾವ ಬಂದಿದ್ದಾರೆ, ಬರ್ಕಾದ ಕಡಲು ತೋರಿಸೋಣ ಎಂದು ಆ ಶುಕ್ರವಾರದ ಏರ್ಪಾಡು ಮಾಡಿದ್ದೂ ಕಾಕನೇ.

ನಾವು ಮುಟ್ಟುವಾಗ ಮೂರು ಗಂಟೆ ದಾಟಿತ್ತು. ಜನವರಿಯ ಬಿಸಿಲು ಹಿತವಾಗಿತ್ತು. ಒಮಾನಿ ಕುಟುಂಬಗಳು ಚಾಪೆ ಹಾಸಿ ಕೂತಿದ್ದವು, ಹುಡುಗರು ಚೆಂಡಾಡುತ್ತಿದ್ದರು. ಕಾಕನ ದೊಡ್ಡ ಕಾರು ಮರಳಿನ ಮೇಲೆ ಸಲೀಸಾಗಿ ಹೋಗುತ್ತಿತ್ತು. ಸಾಮಾನು ಹೊರುವ ಕಷ್ಟ ಬೇಡವೆಂದು ಅವರು ಅದನ್ನು ದಡದ ಹತ್ತಿರಕ್ಕೇ ತಂದು ನಿಲ್ಲಿಸಿದರು. ನಾನು ನನ್ನ ಕಾರನ್ನು ಡಾಂಬರಿನ ಅಂಚಿನಲ್ಲೇ ಬಿಟ್ಟೆ. ಅಲ್ಲೊಂದು ಬೋರ್ಡ್ ಇತ್ತು. ಬೆಂಕಿ ಹಾಕಬಾರದು, ಕಸ ಬಿಸಾಡಬಾರದು, ಸಿಗರೇಟು ಸೇದಬಾರದು ಎಂದು ಚಿತ್ರಗಳು. ಬಾಟಲಿಯ ಚಿತ್ರ ಇರಲಿಲ್ಲ. ಅದನ್ನು ಹೇಳುವ ಅಗತ್ಯವೇ ಇಲ್ಲ ಎನ್ನುವಂತೆ.

ಭಾವ ನೀರಿನ ಅಂಚಿಗೆ ಹೋದವರೇ ಸಿಗರೇಟು ಹಚ್ಚಿದರು. ನಾನು ಚಾಪೆ ಬಿಡಿಸುವುದನ್ನು ಬಿಟ್ಟು ಅತ್ತ ಓಡುವಷ್ಟರಲ್ಲಿ ಮುನ್ಸಿಪಾಲಿಟಿಯ ಸಮವಸ್ತ್ರ ಹಾಕಿದ್ದ ಬಾಂಗ್ಲಾದ ಕೆಲಸಗಾರನೊಬ್ಬ ಅವರ ಬಳಿ ನಿಂತಿದ್ದ. ಇಲ್ಲಿ ಸೇದಬೇಡಿ, ಇನ್‌ಸ್ಪೆಕ್ಟರ್ ನೋಡಿದರೆ ನಿಮಗೆ ದಂಡ, ನನಗೆ ಬೈಗುಳ ಎಂದು ಹಿಂದಿಯಲ್ಲಿ ಬಹಳ ಮೆಲ್ಲಗೆ ಹೇಳುತ್ತಿದ್ದ. ಭಾವನಿಗೆ ಹಿಂದಿ ಅಷ್ಟಕ್ಕಷ್ಟೇ. ಅವರು ಸಿಗರೇಟನ್ನು ಕಾಲ ಕೆಳಗೆ ಹಾಕಿ ತುಳಿದರು. ಆತ ಬಗ್ಗಿ ಆ ತುಂಡನ್ನು ಮರಳಿನಿಂದ ಹೆಕ್ಕಿ ತನ್ನ ಚೀಲಕ್ಕೆ ಹಾಕಿಕೊಂಡು ಹೋದ.

"ಕಡಲಿಗೂ ಕಾನೂನಾ?" ಎಂದರು ಭಾವ. ಆದರೆ ಅವರ ಮುಖ ಸಣ್ಣಗಾಗಿತ್ತು. ತಾನು ಬಿಸಾಡಿದ್ದನ್ನು ಇನ್ನೊಬ್ಬ ಬಗ್ಗಿ ಹೆಕ್ಕಿದ್ದು ಅವರಿಗೆ ತಾಗಿತ್ತು.

ನಾನು ಇನ್ನೊಮ್ಮೆ ಚೀಲದ ಮಾತು ತೆಗೆಯಲು ಅದೇ ಸರಿಯಾದ ಹೊತ್ತು. ತೆಗೆಯಲಿಲ್ಲ. ಒಂದೇ ದಿನ ಎರಡು ಸಲ ಅವರಿಗೆ ಬುದ್ಧಿ ಹೇಳಲು ಬಾಯಿ ಬರಲಿಲ್ಲ.

ಕಾಕನ ಹೆಂಡತಿ ಅಕ್ಕಿ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು ತಂದಿದ್ದರು. ಎಲ್ಲರೂ ತಿಂದೆವು. ಅಸರ್ ನಮಾಜಿನ ಹೊತ್ತಾದಾಗ ಗಂಡ ಹೆಂಡತಿ ಕಾರಿನ ಆಚೆ ಬದಿಗೆ ಹೋಗಿ ನಮಾಜು ಮಾಡಿ ಬಂದರು. ಕಾಕನ ಹೆಂಡತಿ ತಾವು ನಮಾಜಿಗೆ ಹಾಸಿದ್ದ ಮುಸಲ್ಲಾವನ್ನು ಮಡಚಿ ಹಸಿರು ಕೈಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಟ್ಟರು. ಚಹಾದ ಫ್ಲಾಸ್ಕ್ ತೆಗೆಯಬೇಕಿತ್ತು, ಹಾಗಾಗಿ ಡಿಕ್ಕಿಯ ಬಾಗಿಲು ತೆರೆದೇ ಇತ್ತು.

ಆಗಲೇ ನೋಡಿದೆ, ಭಾವ ಚಾಪೆಯ ಮೇಲಿರಲಿಲ್ಲ. ಚೀಲವೂ ಇರಲಿಲ್ಲ.

ಅವರು ಸ್ವಲ್ಪ ದೂರದಲ್ಲಿ ದಡಕ್ಕೆ ಎಳೆದಿದ್ದ ಫೈಬರ್ ದೋಣಿಯೊಂದರ ಮರೆಯಲ್ಲಿ ಕೂತಿದ್ದರು. ಕೈಯಲ್ಲಿ ಸ್ಟೀಲ್ ಲೋಟ. ನಾನು ಹತ್ತಿರ ಹೋದಾಗ ವಾಸನೆ ಬಂತು.

"ಭಾವ, ಬೇಡ ಎಂದಿದ್ದೆ."

"ಕೂತುಕೋ," ಎಂದರು. ನಾನು ಕೂರಲಿಲ್ಲ. ಅವರು ಕಡಲನ್ನೇ ನೋಡುತ್ತ, ನಿನ್ನ ಅಕ್ಕ ಹೋದ ಮೇಲೆ ದಡದಲ್ಲಿ ಕೂತೇ ಇರಲಿಲ್ಲ, ಅಲ್ಲಿ ಹೋದರೆ ಎಲ್ಲರೂ ಅಯ್ಯೋ ಪಾಪ ಎಂದು ನೋಡುತ್ತಾರೆ, ಇಲ್ಲಿ ನನ್ನನ್ನು ಯಾರಿಗೂ ಗೊತ್ತಿಲ್ಲ ಎಂದು ನಿಧಾನವಾಗಿ ಹೇಳಿದರು. ನನಗೆ ಸಿಟ್ಟು ಬಂದಿತ್ತು, ಅದರ ಜೊತೆಗೆ ಅಕ್ಕ ಬಾಳೆಲೆಯಲ್ಲಿ ಕಟ್ಟಿ ಕಳಿಸುತ್ತಿದ್ದ ಮೀನೂ ನೆನಪಾಯಿತು. ಏನು ಹೇಳಬೇಕೆಂದು ಹುಡುಕುತ್ತಿರುವಾಗಲೇ ದಡದ ಆ ತುದಿಯಿಂದ ಪೊಲೀಸ್ ಕಾರೊಂದು ನಡೆಯುವ ವೇಗದಲ್ಲಿ ಬರುವುದು ಕಾಣಿಸಿತು. ಪ್ರತಿ ಕುಟುಂಬದ ಹತ್ತಿರ ನಿಂತು ನಿಂತು ಬರುತ್ತಿತ್ತು.

ನನ್ನ ಮುಖ ನೋಡಿ ಭಾವ ಆ ಕಡೆ ತಿರುಗಿದರು. ಲೋಟದಲ್ಲಿದ್ದದ್ದನ್ನು ಮರಳಿಗೆ ಚೆಲ್ಲಿದರು. ಬಾಟಲಿಗೆ ಮುಚ್ಚಳ ತಿರುವಿ, ಶರಟಿನ ಒಳಗೆ ಸೇರಿಸಿಕೊಂಡು, ನಾನು ಕೈ ಚಾಚುವ ಮೊದಲೇ ಎದ್ದು ಸರಸರನೆ ನಡೆದರು. ನನ್ನ ಕಾರಿಗೆ ಹೋಗುತ್ತಾರೆ ಎಂದುಕೊಂಡೆ. ಅದು ದೂರವಿತ್ತು. ಹತ್ತಿರದಲ್ಲಿ ಇದ್ದದ್ದು ಕಾಕನ ಕಾರಿನ ತೆರೆದ ಡಿಕ್ಕಿ. ಅವರು ಅದರೊಳಗೆ ಬಗ್ಗಿದ್ದನ್ನೂ ಹಸಿರು ಕೈಚೀಲ ಅಲುಗಿದ್ದನ್ನೂ ಬರಿಗೈಯಲ್ಲಿ ಹೊರಗೆ ಬಂದದ್ದನ್ನೂ ನಾನು ಇಪ್ಪತ್ತು ಹೆಜ್ಜೆ ದೂರದಿಂದ ನೋಡಿದೆ. ಕಾಕ, ಅವರ ಹೆಂಡತಿ, ನನ್ನ ಹೆಂಡತಿ ಮೂವರೂ ನೀರಿನ ಕಡೆ ಮುಖ ಮಾಡಿ ಚಹಾ ಕುಡಿಯುತ್ತಿದ್ದರು. ನನ್ನ ಹೊರತು ಬೇರೆ ಯಾರೂ ನೋಡಲಿಲ್ಲ.

ಪೊಲೀಸ್ ಕಾರು ನಮ್ಮ ಬಳಿ ನಿಂತಿತು. ಇಬ್ಬರು ಇಳಿದರು, ಒಬ್ಬ ಯುವಕ, ಇನ್ನೊಬ್ಬರು ನರೆತ ಗಡ್ಡದ ಹಿರಿಯರು. ಸಲಾಂ ಹೇಳಿದರು. ಈ ಕಾರು ಯಾರದು, ಮರಳಿನ ಮೇಲೆ ಇಷ್ಟು ಮುಂದೆ ಯಾಕೆ ತಂದದ್ದು ಎಂದು ಅರಬಿಯಲ್ಲಿ ಕೇಳಿದರು. ಕಾಕ ಎದ್ದು ಹೋಗಿ ಕ್ಷಮೆ ಕೇಳಿದರು, ಈಗಲೇ ಹಿಂದಕ್ಕೆ ತೆಗೆಯುತ್ತೇನೆ ಎಂದರು. ಕಾಕನ ಅರಬಿ ಚೆನ್ನಾಗಿತ್ತು, ನನಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಹಿಂದಿನ ದಿನ ಯಾರೋ ಇಲ್ಲಿ ಕುಡಿದು ಬಾಟಲಿ ಒಡೆದು ಹೋಗಿದ್ದರು. ಗಾಜು ತುಳಿದ ಒಂದು ಮಗುವಿನ ಪಾದ ಸೀಳಿ ಹೊಲಿಗೆ ಹಾಕಬೇಕಾಯಿತು. ಅದಕ್ಕೇ ಇವತ್ತು ಎಲ್ಲರ ಸಾಮಾನು ನೋಡುತ್ತಿದ್ದೇವೆ, ಬೇಸರ ಮಾಡಿಕೊಳ್ಳಬೇಡಿ ಎಂದರು ಹಿರಿಯರು.

"ನೋಡಿ, ನೋಡಿ," ಎಂದರು ಕಾಕ. ನಗುತ್ತಲೇ ಡಿಕ್ಕಿಯ ಬಳಿಗೆ ಕರೆದುಕೊಂಡು ಹೋದರು.

ನಾನು ಆಗ ಅಲ್ಲಿಗೆ ಬಂದು ಮುಟ್ಟಿದ್ದೆ. ಕಾಕ ಐಸ್ ಬಾಕ್ಸಿನ ಮುಚ್ಚಳ ತೆಗೆದು ತೋರಿಸಿದರು. ಪೆಪ್ಸಿ, ಮಜ್ಜಿಗೆಯ ಡಬ್ಬಿ. ಪಾತ್ರೆ ತೋರಿಸಿದರು. ನಾನು ಪಕ್ಕದಲ್ಲೇ ನಿಂತು ಅವರ ಕೈಯನ್ನೇ ನೋಡುತ್ತಿದ್ದೆ. ಕಾಕ ಹಸಿರು ಕೈಚೀಲ ಎತ್ತಿದರು. ಇದು ನನ್ನ ಹೆಂಡತಿಯ ಮುಸಲ್ಲಾ ಎಂದರು. ಹಿರಿಯ ಪೊಲೀಸರು ಕೂಡಲೇ ಕೈ ಅಡ್ಡ ಮಾಡಿ, "ಖಲಾಸ್, ಸಾಕು, ಅದು ಬೇಡ, ಒಳಗಿಡಿ," ಎಂದರು.

ಆ ಒಂದು ಕ್ಷಣದ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಮೈಯಿಂದ ಭಾರ ಇಳಿದು ಹೋಯಿತು. ಉಳಿದುಕೊಂಡೆವು ಎಂದುಕೊಂಡೆ. ಕಾಕ ಉಳಿದುಕೊಂಡರು ಎಂದಲ್ಲ, ನಾವು.

ಆದರೆ ಕಾಕ ಮುಚ್ಚಿಡುವ ಮನುಷ್ಯನಲ್ಲ. ಇಲ್ಲ ಇಲ್ಲ, ನೋಡಿಯೇ ಬಿಡಿ ಎಂದು ತಾವೇ ಕೈಚೀಲದ ಬಾಯಿ ಅಗಲಿಸಿ ಮುಸಲ್ಲಾವನ್ನು ಹೊರಗೆಳೆದರು. ಅದರ ಮಡಿಕೆಯಿಂದ ಬಾಟಲಿ ಜಾರಿ ಡಿಕ್ಕಿಯ ರಬ್ಬರ್ ಮ್ಯಾಟಿನ ಮೇಲೆ ಬಿತ್ತು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಮುಸಲ್ಲಾದ ಒಂದು ಬದಿ ಒದ್ದೆಯಾಗಿತ್ತು.

ಕಾಕನ ಮುಖದಿಂದ ರಕ್ತವೇ ಇಳಿದುಹೋಯಿತು. ಅವರ ಹೆಂಡತಿ ಚಾಪೆಯಿಂದ ಎದ್ದು ನಿಂತಿದ್ದರು. ಯುವಕ ಪೊಲೀಸ್ ಬಾಟಲಿ ಎತ್ತಿಕೊಂಡು ಕಾಕನ ಹೆಸರು, ಗುರುತಿನ ಕಾರ್ಡು ಕೇಳಿದ. ಕಾಕ ಅಂಗಿಯ ಜೇಬು ಮುಟ್ಟಿಕೊಂಡರು, ಕಾರ್ಡು ತೆಗೆಯಲು ಕೈ ಬರಲಿಲ್ಲ.

"ಅದು ನನ್ನದು," ಎಂದೆ ನಾನು. ಮೊದಲು ಕನ್ನಡದಲ್ಲೇ ಹೇಳಿಬಿಟ್ಟೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಬಾಟಲಿ ನನ್ನದು, ಇವರಿಗೆ ಗೊತ್ತಿಲ್ಲ, ಅಲ್ಲಿಟ್ಟದ್ದು ನಾನೇ.

ಕಾಕ ನನ್ನನ್ನು ನೋಡಿದರು. ಆ ನೋಟ ಸಿಟ್ಟಿನದಾಗಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಯಾರು ಎಂದು ಹೊಸದಾಗಿ ಗುರುತು ಹಿಡಿಯಲು ನೋಡುವವರ ಹಾಗೆ ನೋಡಿದರು. ಭಾವ ನನ್ನ ಹಿಂದೆ ನಿಂತಿದ್ದರು. ಅವರಿಗೆ ಇಂಗ್ಲಿಷೂ ಬರುವುದಿಲ್ಲ, ಅರಬಿಯೂ ಬರುವುದಿಲ್ಲ. ನಾನು ಪೊಲೀಸರಿಗೂ ಅದನ್ನೇ ಹೇಳಿದೆ ಎಂದು ಅವರಿಗೆ ಗೊತ್ತಾದದ್ದು ಪೊಲೀಸ್ ಕಾರಿನ ಹಿಂದಿನ ಬಾಗಿಲು ನನಗಾಗಿ ತೆರೆದಾಗ.

ಠಾಣೆ ಹತ್ತಿರದಲ್ಲೇ ಇತ್ತು. ಹೊಡೆತ, ಬೈಗುಳ ಏನೂ ಇಲ್ಲ. ಒಂದು ಕುರ್ಚಿ ತೋರಿಸಿದರು, ನೀರು ಕೊಟ್ಟರು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಮೇಜಿನ ಹಿಂದಿದ್ದ ಅಧಿಕಾರಿ ಇಂಗ್ಲಿಷ್ ಮಾತಾಡುತ್ತಿದ್ದರು. ನನ್ನ ಕಾರ್ಡು, ಪರ್ಮಿಟ್ ನೋಡಿ ಬರೆದುಕೊಂಡರು. ಒಂದು ಯಂತ್ರಕ್ಕೆ ಊದಿಸಿದರು. ಅದರಲ್ಲಿ ಏನೂ ಬರಲಿಲ್ಲ. ಇನ್ನೊಮ್ಮೆ ಊದಿಸಿದರು.

"ನೀನು ಕುಡಿದಿಲ್ಲ," ಎಂದರು. "ಕುಡಿಯದವನು ಅರ್ಧ ಬಾಟಲಿ ತೆಗೆದುಕೊಂಡು ಸಮುದ್ರಕ್ಕೆ ಯಾಕೆ ಬಂದ? ಇನ್ನೊಬ್ಬರ ಕಾರಿನಲ್ಲಿ ಯಾಕೆ ಇಟ್ಟ?"

ನಾನು ತೊದಲಿದೆ. ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸಲು ಹೋಗಿ ಮೂರನೆಯದರಲ್ಲಿ ಸಿಕ್ಕಿಬಿದ್ದೆ. ಅವರು ಪೆನ್ನು ಕೆಳಗಿಟ್ಟು ಕಾದರು. ಸುಳ್ಳು ಹೇಳಿಕೆಗೆ ಸಹಿ ಹಾಕಿದರೆ ಅದು ಇನ್ನೊಂದು ಕೇಸು ಎಂದರು. ಗೋಡೆಯ ಗಡಿಯಾರ ಐದೂವರೆ ತೋರಿಸುತ್ತಿತ್ತು. ನನ್ನ ಕೆಲಸ, ಹೆಂಡತಿಯ ವೀಸಾ, ಫ್ಲ್ಯಾಟಿನ ಕರಾರು ಎಲ್ಲ ಒಂದರ ಹಿಂದೊಂದು ತಲೆಯಲ್ಲಿ ಬಂದು ಹೋದವು. ಅದಕ್ಕಿಂತ ಹೆಚ್ಚಾಗಿ ಕಾಕನ ಅಂಗಡಿ. ಅದರ ಲೈಸೆನ್ಸ್ ಇದ್ದದ್ದು ಅವರಿಗೆ ವೀಸಾ ಕೊಟ್ಟ ಕಫೀಲ್ ಹೆಸರಿನಲ್ಲಿ. ಆ ಒಮಾನಿ ಯಜಮಾನರು ಐದು ಹೊತ್ತೂ ಮಸೀದಿಗೆ ಹೋಗುವ ವೃದ್ಧರು. ಕಾಕನ ಕಾರಿನಲ್ಲಿ ಹೆಂಡ ಸಿಕ್ಕಿತು ಎಂಬ ಒಂದು ಮಾತು ಅವರ ಕಿವಿಗೆ ಬಿದ್ದರೆ ಸಾಕಿತ್ತು.

ಆಗ ಬಾಗಿಲಲ್ಲಿ ಕಾಕ ಮತ್ತು ಭಾವ ಕಾಣಿಸಿಕೊಂಡರು.

ಭಾವ ಕಾಕನಿಗೆ, ನನ್ನನ್ನೂ ಠಾಣೆಗೆ ಕರೆದುಕೊಂಡು ಹೋಗಿ, ನನಗೆ ಹೇಳುವುದು ಉಂಟು ಎಂದಷ್ಟೇ ಹೇಳಿದ್ದರಂತೆ. ಏನು ಎಂದು ಹೇಳಿರಲಿಲ್ಲ. ಹೆಂಗಸರನ್ನು ಕಾರಿನಲ್ಲಿ ಕೂರಿಸಿ ಕಾಕ ಕರೆತಂದಿದ್ದರು. ಭಾವ ನನ್ನ ಕಡೆ ನೋಡದೆ ನೇರ ಮೇಜಿನ ಮುಂದೆ ಹೋಗಿ ನಿಂತು, ಕಾಕನ ಕಡೆ ತಿರುಗಿ ತುಳುವಿನಲ್ಲಿ ಹೇಳಿದರು:

"ಇವರಿಗೆ ಹೇಳಿ. ಬಾಟಲಿ ತಂದದ್ದು ನಾನು. ಕುಡಿದದ್ದು ನಾನು. ಪೊಲೀಸರನ್ನು ಕಂಡು ಹೆದರಿ ನಿಮ್ಮ ಹೆಂಡತಿಯ ಚೀಲದಲ್ಲಿ ತುರುಕಿದ್ದೂ ನಾನೇ. ಇವನು ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ."

ಕಾಕ ಅದನ್ನು ಮೊದಲ ಸಲ ಕೇಳುತ್ತಿದ್ದರು. ಅಧಿಕಾರಿ ಇಬ್ಬರನ್ನೂ ನೋಡಿ, ಏನು ಹೇಳಿದರು ಎಂದು ಕೇಳಿದರು. ಕಾಕ ನೆಲ ನೋಡುತ್ತ ನಿಂತರು. ಅವರು ಮಾತನ್ನು ಬದಲಿಸಬಹುದಿತ್ತು, ಹೆಚ್ಚು ಮಾಡಬಹುದಿತ್ತು, ಕಡಿಮೆ ಮಾಡಬಹುದಿತ್ತು. ಆಮೇಲೆ ತಲೆ ಎತ್ತಿ ಒಂದೊಂದೇ ವಾಕ್ಯವಾಗಿ ಅರಬಿಯಲ್ಲಿ ಹೇಳಿದರು. ಭಾವ ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಕೊನೆಗೆ ಮಾತ್ರ, ಇವರ ಹೆಂಡತಿ ತೀರಿಕೊಂಡು ಎಂಟು ತಿಂಗಳಾಯಿತು ಎಂದು ತಾವಾಗಿ ಸೇರಿಸಿದರು.

ಯಂತ್ರ ಭಾವನ ಉಸಿರಿನಲ್ಲಿ ಹೆಂಡವನ್ನು ತೋರಿಸಿತು. ನನ್ನ ಮೊದಲಿನ ಹೇಳಿಕೆಯನ್ನು ಹರಿದು ಹೊಸದು ಬರೆಸಿದರು. ನನ್ನ ಪರ್ಮಿಟ್ ಅವರ ಹತ್ತಿರವೇ ಉಳಿಯಿತು. ನಾನು ಹೋಗಬಹುದು, ಕರೆದಾಗ ಬರಬೇಕು ಎಂದರು. ಭಾವನ ಪಾಸ್‌ಪೋರ್ಟ್ ಇಟ್ಟುಕೊಂಡರು. ಶುಕ್ರವಾರ, ಶನಿವಾರ ರಜೆ. ಭಾನುವಾರ ಪ್ರಾಸಿಕ್ಯೂಷನ್ ಆಫೀಸಿನ ಮುಂದೆ ಹಾಜರುಪಡಿಸುವವರೆಗೆ ಭಾವ ಠಾಣೆಯಲ್ಲೇ ಇರಬೇಕು. ಅವರಿಗೆ ಅರವತ್ತನಾಲ್ಕು ವರ್ಷ, ಬಿ.ಪಿ. ಉಂಟು. ಮಾತ್ರೆಗಳ ಪಟ್ಟಿಯನ್ನು ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಒಳಗೆ ಹೋಗುವ ಮೊದಲು ಭಾವ, "ನೀನು ಹೆಂಡತಿಯನ್ನು ಕರೆದುಕೊಂಡು ಮನೆಗೆ ಹೋಗು," ಎಂದರು. ಶಾಲೆಗೆ ಕಳಿಸುವಾಗ ಹೇಳುತ್ತಿದ್ದ ದನಿಯಲ್ಲೇ.

ಮಾರನೆಯ ದಿನ ನಮ್ಮ ಕಂಪನಿಯಲ್ಲಿ ಸರಕಾರಿ ಕಾಗದಪತ್ರ ನೋಡುವವನಿಗೆ ಫೋನ್ ಮಾಡಿದೆ. ಹೆಂಡದ ಕೇಸಿನಲ್ಲಿ ಕಂಪನಿಯ ಹೆಸರು ತರಲಾಗುವುದಿಲ್ಲ, ನಾನು ಬರುವುದಿಲ್ಲ ಎಂದ. ಭಾವನನ್ನು ಬಿಡಬೇಕಾದರೆ ಇಲ್ಲಿನವರೊಬ್ಬರು ಜಾಮೀನು ನಿಂತರೆ ಒಳ್ಳೆಯದು ಎಂದು ಠಾಣೆಯಲ್ಲಿ ಹೇಳಿದ್ದರು. ನನಗೆ ಅಂಥ ಒಮಾನಿ ಯಾರೂ ಗೊತ್ತಿರಲಿಲ್ಲ. ಹೆಂಡತಿ ಎದುರು ಮನೆಯ ಬಾಗಿಲನ್ನು ನೋಡಿದಳು. ನಾನು ತಲೆ ಅಲ್ಲಾಡಿಸಿದೆ. ಅಲ್ಲಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಎರಡು ಮನೆಗಳ ನಡುವೆ ಆರು ಅಡಿಯ ಪಡಸಾಲೆ. ಆ ಶನಿವಾರವಿಡೀ ಆ ಬಾಗಿಲು ನನ್ನೆದುರು ತೆರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಪ್ರಾಸಿಕ್ಯೂಷನ್ ಆಫೀಸಿನ ಮುಂದೆ ನಾನು ಒಬ್ಬನೇ ನಿಂತಿದ್ದೆ. ಬಿಳಿ ದಿಶ್‌ದಾಶಾ, ಒಮಾನಿಗಳ ಉದ್ದ ನಿಲುವಂಗಿ ತೊಟ್ಟು, ಕೈಯಲ್ಲಿ ಕೋಲು ಹಿಡಿದ ವೃದ್ಧರೊಬ್ಬರು ಕಾರಿನಿಂದ ಇಳಿದರು. ಕಾರು ಓಡಿಸುತ್ತಿದ್ದವರು ಕಾಕ. ಕಾಕ ಶನಿವಾರ ತಾವಾಗಿಯೇ ಕಫೀಲ್ ಮನೆಗೆ ಹೋಗಿ, ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ ಎಂದು ಎಲ್ಲವನ್ನೂ ಹೇಳಿದ್ದರು. ನಿನಗೆ ಗೊತ್ತಿತ್ತೇ ಎಂದು ಆ ವೃದ್ಧರು ಒಂದೇ ಪ್ರಶ್ನೆ ಕೇಳಿದರಂತೆ. ಗೊತ್ತಿರಲಿಲ್ಲ ಎಂದಾಗ, ಹಾಗಾದರೆ ತಲೆ ತಗ್ಗಿಸಬೇಡ ಎಂದರಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಕಾಕನ ಹೆಂಡತಿ ನನ್ನ ಹೆಂಡತಿಗೆ ಹೇಳಿದ ಮೇಲೆ.

ವೃದ್ಧರು ಒಳಗೆ ಹೋಗಿ ಭಾವನಿಗೆ ಜಾಮೀನು ನಿಂತರು. ಭಾವ ಎಲ್ಲವನ್ನೂ ಒಪ್ಪಿಕೊಂಡದ್ದರಿಂದ ಮತ್ತು ಪ್ರಾಯದವರಾದ್ದರಿಂದ ವಿಷಯ ದಂಡದಲ್ಲಿ ಮುಗಿಯಿತು. ಹತ್ತು ದಿನದೊಳಗೆ ದೇಶ ಬಿಡಬೇಕು ಎಂದಾಯಿತು. ಹೊರಗೆ ಬಂದ ಭಾವ ಎರಡು ದಿನದಲ್ಲಿ ಕುಗ್ಗಿಹೋಗಿದ್ದರು. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು. ವೃದ್ಧರ ಕೈ ಹಿಡಿದು ಏನು ಹೇಳಬೇಕೆಂದು ತಿಳಿಯದೆ ನಿಂತರು. ವೃದ್ಧರು ಅವರ ಭುಜ ತಟ್ಟಿ ಅರಬಿಯಲ್ಲಿ ಏನೋ ಹೇಳಿ ಹೊರಟರು. ಕಾಲು ಸೀಳಿಸಿಕೊಂಡ ಮಗು ಅವರ ಊರಿನದೇ ಅಂತೆ, ಅದಕ್ಕಾಗಿ ಪ್ರಾರ್ಥನೆ ಮಾಡಿ ಎಂದರು ಎಂದು ಕಾಕ ತಿಳಿಸಿದರು.

ನಾನು ಕಾಕನ ಹತ್ತಿರ ಹೋಗಿ, ನಿಮ್ಮ ಉಪಕಾರ ಎಂದು ಶುರು ಮಾಡಿದೆ. ಅವರು ನಡುವೆಯೇ ತಡೆದರು.

"ಅವರಿಗಾಗಿ ಮಾಡಿದೆ. ನಿನಗಾಗಿ ಅಲ್ಲ." ಅವರ ದನಿ ಏರಲಿಲ್ಲ. "ಅವರು ಹೆದರಿದರು, ಹತ್ತಿರ ಕಂಡಲ್ಲಿ ಇಟ್ಟರು. ನೀನು ನೋಡಿದ್ದೆ. ನಾನು ಒಂದೊಂದೇ ಸಾಮಾನು ಎತ್ತಿ ತೋರಿಸುವಾಗ ನೀನು ಪಕ್ಕದಲ್ಲೇ ನಿಂತಿದ್ದೆ. ಪೊಲೀಸ್ ಬೇಡ ಎಂದಾಗ ನಿನ್ನ ಮುಖ ಅರಳಿದ್ದು ನನಗೆ ಈಗ ನೆನಪಾಗುತ್ತದೆ."

ಬಾಟಲಿ ಬಿದ್ದ ಮೇಲೆ ನನ್ನದು ಎಂದೆನಲ್ಲ ಎಂದು ಎರಡು ದಿನ ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದೂ ಅಲ್ಲಿಗೆ ಮುಗಿಯಿತು.

ಹೊರಡುವ ಹಿಂದಿನ ದಿನ ಭಾವ ಎದುರು ಮನೆಗೆ ಹೋಗಬೇಕೆಂದರು. ನನ್ನನ್ನು ಬರಬೇಡ ಎಂದರು, ಆದರೆ ಬಾಗಿಲು ತೆರೆದೇ ಇದ್ದದ್ದರಿಂದ ನಾನು ನಮ್ಮ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡೆ. ಕಾಕ ಅವರನ್ನು ಕೂರಿಸಿದರು. ನನ್ನ ಹತ್ತಿರ ಕ್ಷಮೆ ಕೇಳುವುದು ಬೇಡ, ಕೇಳುವುದಾದರೆ ಅವಳ ಹತ್ತಿರ ಕೇಳಿ ಎಂದರು. ಅವರ ಹೆಂಡತಿ ಒಳಗಿನ ಬಾಗಿಲಿಗೆ ಬಂದು ನಿಂತರು. ಭಾವ ಎದ್ದರು. ನನ್ನನ್ನು ಬೆಳೆಸಿದ ಆ ಮನುಷ್ಯ ಯಾರ ಮುಂದೆಯೂ ಹಾಗೆ ಕೈಕಟ್ಟಿ ನಿಂತದ್ದನ್ನು ನಾನು ನೋಡಿರಲಿಲ್ಲ.

"ತಂಗಿ, ನಿಮ್ಮ ದೇವರ ವಸ್ತುವನ್ನು ಮೈಲಿಗೆ ಮಾಡಿದೆ. ಹೊಸತು ತಂದುಕೊಡಲು ನನಗೆ ಹಕ್ಕುಂಟೋ ಇಲ್ಲವೋ ಗೊತ್ತಿಲ್ಲ."

"ಹೊಸತು ಬೇಡ ಅಣ್ಣ," ಎಂದರು ಅವರು. "ಮೂರು ಸಲ ತೊಳೆದು ಬಿಸಿಲಿಗೆ ಹಾಕಿದ್ದೇನೆ. ಅದು ನನ್ನ ಉಮ್ಮ ಕೊಟ್ಟದ್ದು." ಮತ್ತೆ, "ಅವತ್ತು ನನಗೆ ಬಹಳ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಆದರೆ ನೀವು ಠಾಣೆಗೆ ಬಂದು ಹೇಳದಿದ್ದರೆ ಅದು ಯಾವತ್ತೂ ಹೋಗುತ್ತಿರಲಿಲ್ಲ," ಎಂದರು.

ಭಾವ ಅಲ್ಲಿ ಚಹಾ ಕುಡಿದು ಬಂದರು. ಮರುದಿನ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋದೆ. ಒಳಗೆ ಹೋಗುವಾಗ ಅವರು ನನ್ನ ತಲೆ ಮೇಲೆ ಕೈಯಿಟ್ಟು, ನೀನು ಕಾರಿನಲ್ಲೇ ನನ್ನನ್ನು ಗದರಿಸಬೇಕಿತ್ತು ಎಂದರು. ನಿಮ್ಮನ್ನು ಗದರಿಸಲು ನೀವು ನನಗೆ ಕಲಿಸಿರಲಿಲ್ಲವಲ್ಲ ಎಂದು ಹೇಳಬೇಕೆನಿಸಿತು, ಬದಲಿಗೆ ಅವರ ಚೀಲವನ್ನು ಹೆಗಲಿಗೆ ಏರಿಸಿಕೊಟ್ಟೆ.

ಈಗ ಎರಡು ವರ್ಷ ದಾಟಿದೆ. ಪರ್ಮಿಟ್ ಮತ್ತೆ ಮಾಡಿಸಿಕೊಳ್ಳಲು ನಾನು ಹೋಗಿಲ್ಲ. ಮೂರು ತಿಂಗಳು ಕಾಕ ನನ್ನೊಡನೆ ಸಲಾಮಿನ ಹೊರತು ಬೇರೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಲಿಫ್ಟ್ ಕೆಟ್ಟು, ಅಂಗಡಿಯ ಬಟ್ಟೆಯ ಥಾನುಗಳನ್ನು ಅವರೊಬ್ಬರೇ ಮೆಟ್ಟಿಲಲ್ಲಿ ಏರಿಸುತ್ತಿದ್ದರು. ನಾನು ಕೇಳದೆ ಹೋಗಿ ಒಂದು ಕಡೆ ಹಿಡಿದೆ. ಅವರು ಬೇಡ ಎನ್ನಲಿಲ್ಲ. ಕಳೆದ ವರ್ಷ ಕಫೀಲರ ಮಗ ಸಲಾಲಾದಲ್ಲಿ ಹೊಸ ಅಂಗಡಿ ತೆರೆದಾಗ ಅದನ್ನು ನೋಡಿಕೊಳ್ಳಲು ಕಾಕ ಅಲ್ಲಿಗೆ ಹೋದರು. ಅಲ್ಲಿ ಜುಲೈಯಲ್ಲಿ ಜಿನುಗುಮಳೆ ಶುರುವಾದಾಗ ಫೋನ್ ಮಾಡುತ್ತಾರೆ, ಊರಿನ ಹಾಗೇ ಉಂಟು, ತೆಂಗಿನ ಮರ ಕೂಡ ಉಂಟು ಎನ್ನುತ್ತಾರೆ. ಭಾವ ಹೇಗಿದ್ದಾರೆ ಎಂದು ಮೊದಲು ಕೇಳುತ್ತಾರೆ. ನನ್ನ ಹೆಂಡತಿಯನ್ನು ವಿಚಾರಿಸುತ್ತಾರೆ. ನಾನು ಹೇಗಿದ್ದೇನೆ ಎಂದು ಕೇಳುವುದು ಕೊನೆಗೆ, ಫೋನ್ ಇಡುವ ಮೊದಲು. ಆದರೂ ಕೇಳುತ್ತಾರೆ.